ಮನೆ ಸಮಾಚಾರ ಅಂದರೆ ಹುಳದ ಸಮಾಚಾರ

ಮಗಳೇ,

ಫೋನಿನಲ್ಲಿ ನೀನು "ಏನಪ್ಪಾ ಸಮಾಚಾರ" ಅನ್ನುವುದು, ನಾನು "ಹುಳ ಇದೆ ಕಣವ್ವ, ಆಮೇಲೆ ಮಾತಾಡ್ತೀನಿ" ಅನ್ನುವುದು, ಈ ಬೆಳೆ ಪೂರ್ತಿ ಇದೇ ಆಯಿತು. ಈಗ ರೇಷ್ಮೆ ಗೂಡು ಮಾರಿ ದುಡ್ಡು ಖಾತೆಗೆ ಬಿದ್ದಿದೆ, ಸ್ವಲ್ಪ ಬಿಡುವಿದೆ. ನೀನು ಹೋದ ಮೇಲೆ ನಮ್ಮ ಮನೆಯಲ್ಲಿ ಬದಲಾಗಿರುವುದರಲ್ಲಿ ಮುಕ್ಕಾಲು ಪಾಲು ಹುಳದ ಕೆಲಸದಲ್ಲೇ ಬದಲಾಗಿದೆ. ಅದನ್ನೇ ಮೊದಲಿಂದ ಬರೆದರೆ ಮಿಕ್ಕ ಸಮಾಚಾರವೂ ಅದರ ಜೊತೆಗೇ ಬರುತ್ತದೆ.

ನಿನಗೆ ಗೊತ್ತಿರುವ ಹುಳ ನಡುಮನೆಯಲ್ಲಿ ಬಿದಿರ ತಟ್ಟೆಯ ಮೇಲೆ ಬೆಳೆದು ಹಳದಿ ಗೂಡು ಕಟ್ಟುತ್ತಿದ್ದದ್ದು. ಅದು ಮಿಶ್ರತಳಿ; ತಾಯಿ ನಮ್ಮ ಮೈಸೂರು ತಳಿ, ತಂದೆ ವರ್ಷಕ್ಕೆ ಎರಡೇ ಪೀಳಿಗೆ ಬರುವ ದ್ವಿತಳಿ. ಈಗ ನಾವು ಮೇಯಿಸುವುದು ಬಿಳಿ ಗೂಡಿನ ದ್ವಿತಳಿ, ಊರವರ ಬಾಯಲ್ಲಿ ಡಬಲ್ ಹೈಬ್ರಿಡ್. ಮಿಶ್ರತಳಿಯಲ್ಲಿ ಏಳೆಂಟು ಕೆಜಿ ಗೂಡಿಗೆ ಒಂದು ಕೆಜಿ ರೇಷ್ಮೆ ಬಂದರೆ ಇದರಲ್ಲಿ ಆರು, ಆರೂವರೆ ಕೆಜಿಗೇ ಬರುತ್ತದೆ. ಒಂದು ಗೂಡಿನ ಎಳೆ ಬಿಚ್ಚಿದರೆ ಒಂದು ಕಿಲೋಮೀಟರ್ ಆಸುಪಾಸು. ಗೂಡಿನಿಂದ ನೂಲು ತೆಗೆಯುವ ರೀಲರುಗಳು ಹೆಚ್ಚು ಬೆಲೆ ಕೊಡುವುದು ಅದಕ್ಕೆ. ಆದರೆ ಹುಳ ಬಲು ನಾಜೂಕು. ಹಳೆಯ ಹುಳ ಒಂದು ಹೊತ್ತು ಹಿಪ್ಪುನೇರಳೆ ಸೊಪ್ಪು ತಡವಾದರೂ, ಬಿಸಿಲು ಏರಿದರೂ ತಡೆದುಕೊಳ್ಳುತ್ತಿತ್ತು. ಇದು ತಡೆಯುವುದಿಲ್ಲ, ಮುನಿಸಿಕೊಂಡರೆ ನಾಲ್ಕು ದಿನ ಬಿಟ್ಟು ಲೆಕ್ಕ ತೀರಿಸುತ್ತದೆ.

ಅದಕ್ಕೇ ಹುಳ ಈಗ ನಡುಮನೆಯಲ್ಲಿಲ್ಲ. ಹಿತ್ತಿಲಲ್ಲಿ 20 ಅಡಿ ಅಗಲ, 40 ಅಡಿ ಉದ್ದದ ಹುಳು ಮನೆ ಬೇರೆಯೇ ಇದೆ. ಒಳಗೆ ಎರಡು ಕಬ್ಬಿಣದ ಸ್ಟ್ಯಾಂಡು, ಒಂದೊಂದು 5 ಅಡಿ ಅಗಲ, 35 ಅಡಿ ಉದ್ದ, ನಾಲ್ಕು ಅಂತಸ್ತು. ಐದು ಅಡಿಗಿಂತ ಅಗಲ ಮಾಡಿದರೆ ಎರಡೂ ಕಡೆಯಿಂದ ನಿಂತರೂ ನಡುಮಧ್ಯಕ್ಕೆ ಕೈ ಎಟುಕುವುದಿಲ್ಲ, ಅಲ್ಲಿ ಸತ್ತ ಹುಳ ಅಲ್ಲೇ ಕೊಳೆಯುತ್ತದೆ. 100 ಮೊಟ್ಟೆಯ (ಇಲ್ಲಿ ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಪೂರ್ತಿ ಗುಂಪು) ಹುಳಕ್ಕೆ ಕೊನೆಗೆ ಸುಮಾರು 600 ಚದರ ಅಡಿ ಹಾಸಿಗೆ ಬೇಕು. ನಮ್ಮ ಎಕರೆ ತೋಟದ ಸೊಪ್ಪಿಗೆ 200 ಮೊಟ್ಟೆ ಸರಿ. ಬೇಸಿಗೆಯಲ್ಲಿ ನಾಲೆ ನೀರು ಕಟ್ಟಿನ ಮೇಲೆ ಬರುತ್ತದೆ, ಬೋರು ರಾತ್ರಿ ಕರೆಂಟಿಗೆ ಕಾಯುತ್ತದೆ, ಆ ಧೈರ್ಯದ ಮೇಲೆ 250 ಹಾಕುವುದು ಬೇಡ ಅಂತ ನಿಮ್ಮವ್ವನ ಮಾತು. ಅದೇ ನಡೆಯಿತು.

ಬೆಳೆ ಗೆಲ್ಲುವುದು ಸೋಲುವುದು ಹುಳ ಮನೆಗೆ ಬರುವ ಮೊದಲೇ ತೀರ್ಮಾನವಾಗಿರುತ್ತದೆ ಅನ್ನುವುದು ನನ್ನ ಲೆಕ್ಕ. ಹಾಲ್ತೊಂಡೆ ರೋಗದ ವೈರಸ್ಸು ಧೂಳಿನಲ್ಲಿ, ಸ್ಟ್ಯಾಂಡಿನ ಸಂದಿಯಲ್ಲಿ ಬಹಳ ಕಾಲ ಜೀವ ಹಿಡಿದುಕೊಂಡಿರುತ್ತದೆ. ಹಿಂದಿನ ಗೂಡು ಬಿಡಿಸಿದ ಕೂಡಲೆ, ಕಸ ಗುಡಿಸುವುದಕ್ಕೂ ಮುಂಚೆ ಒಂದು ಸಲ ಔಷಧಿ ಹೊಡೆಯಬೇಕು. ಮೊದಲು ಗುಡಿಸಿದರೆ ರೋಗದ ಧೂಳು ಎದ್ದು ಗೋಡೆ ಸೂರಿಗೆಲ್ಲ ಕೂರುತ್ತದೆ. ಆಮೇಲೆ ಗುಡಿಸಿ, ತೊಳೆದು, ಚಾಕಿ, ಅಂದರೆ ಎಳೆ ಹುಳ, ಬರುವುದಕ್ಕೆ ಎರಡು ಮೂರು ದಿನ ಮುಂಚೆ ಇನ್ನೊಂದು ಸಲ. 10 ಲೀಟರ್ ನೀರಿಗೆ 200 ಗ್ರಾಂ ಬ್ಲೀಚಿಂಗ್ ಪೌಡರ್, 30 ಗ್ರಾಂ ಅರಳಿದ ಸುಣ್ಣದ ಪುಡಿ. ಗೋಡೆ, ನೆಲ, ಸೂರು, ಸ್ಟ್ಯಾಂಡು ಎಲ್ಲ ನೆನೆದು ತೊಟ್ಟಿಕ್ಕಬೇಕು, ಸುಮ್ಮನೆ ಚಿಮುಕಿಸಿದರೆ ಶಾಸ್ತ್ರಕ್ಕೆ ಮಾಡಿದ ಹಾಗೆ. ಬ್ಲೀಚಿಂಗ್ ಪೌಡರ್ ಹಳೆಯದಾದರೆ ಶಕ್ತಿ ಇರುವುದಿಲ್ಲ. ಪ್ಯಾಕೆಟ್ ಬಿಚ್ಚಿದಾಗ ಮೂಗಿಗೆ ಚುರ್ ಅನ್ನದಿದ್ದರೆ ಅದು ನೆಲಕ್ಕೆ ಎರಚುವ ಬೂದಿ ಅಷ್ಟೆ. ಕಲಸಿದ್ದನ್ನು ಆಗಲೇ ಖಾಲಿ ಮಾಡಬೇಕು, ನಾಳೆಗೆ ಇಡಬಾರದು. ಕಬ್ಬಿಣ ತುಕ್ಕು ಹಿಡಿಯುತ್ತದೆ, ಅದಕ್ಕೆ ಮಾರನೇ ದಿನ ಸ್ಟ್ಯಾಂಡನ್ನು ಬರಿ ನೀರಿನಲ್ಲಿ ಒರೆಸುತ್ತೇವೆ. ಒಂದು ದಿನ ಮುಚ್ಚಿಟ್ಟು, ಆಮೇಲೆ ಕಿಟಕಿ ತೆಗೆದು ವಾಸನೆ ಪೂರ್ತಿ ಹೋದ ಮೇಲೆ ಹುಳ ಒಳಗೆ.

ಬಾಗಿಲ ಹೊರಗೆ ಸುಣ್ಣ, ಬ್ಲೀಚಿಂಗ್ ಕಲಸಿ ಹಾಕಿದ ಗೋಣಿಚೀಲ, ಕೈ ತೊಳೆಯಲು ಬಕೆಟ್ಟು, ಒಳಗೆ ಹಾಕಿಕೊಳ್ಳಲು ಬೇರೆ ಚಪ್ಪಲಿ. ನಿಮ್ಮಜ್ಜಿಗೂ ಒಳಗೆ ಪ್ರವೇಶವಿಲ್ಲ, ಕಾರಣ ಬಾಯಲ್ಲಿರುವ ಹೊಗೆಸೊಪ್ಪು. ಅದು ಮುಟ್ಟಿದ ಕೈಯಲ್ಲಿ ಸೊಪ್ಪು ಹಾಕಿದರೆ ಸಾಕು, ಹುಳ ವಾಂತಿ ಮಾಡಿಕೊಂಡು ಬಿದ್ದುಹೋಗುತ್ತದೆ. ಐವತ್ತು ವರ್ಷ ಹುಳ ಮೇಯಿಸಿದವಳನ್ನು ಹೊರಗೆ ನಿಲ್ಲಿಸಿದಿರಿ ಅಂತ ಈಗಲೂ ಬೈಗುಳ ನಡೆದಿದೆ. ಅವರ ಕಾಲದಲ್ಲೂ ಹುಳ ಸಾಯುತ್ತಿತ್ತು, ಆಗ ಕಣ್ಣು ಬಿತ್ತು ಅನ್ನುತ್ತಿದ್ದರು.

ಇನ್ನು ಸೊಪ್ಪು. ತೋಟ ಪೂರ್ತಿ ವಿ-1, ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯವರು ಬಿಟ್ಟ ತಳಿ. ಜೋಡಿ ಸಾಲು: ಎರಡು ಸಾಲಿನ ನಡುವೆ 3 ಅಡಿ, ಆಚೆ 5 ಅಡಿ, ಗಿಡದಿಂದ ಗಿಡಕ್ಕೆ 2 ಅಡಿ. ಆ ಐದು ಅಡಿಯಲ್ಲಿ ಪವರ್ ಟಿಲ್ಲರ್ ಸಲೀಸಾಗಿ ಓಡಾಡುತ್ತದೆ. ಲೆಕ್ಕ ಹಾಕಬೇಕಾದದ್ದು ಗಿಡ ಸವರುವ ದಿನ. ಸವರಿದ 45ನೇ ದಿನದ ಹೊತ್ತಿಗೆ ಚಾಕಿ ಮನೆಗೆ ಬಂದರೆ, ಹುಳ ಹೊಟ್ಟೆಬಾಕ ಆಗುವ ಹೊತ್ತಿಗೆ ಸೊಪ್ಪು 55-60 ದಿನದ್ದಾಗಿರುತ್ತದೆ. ಎಳೆ ಸೊಪ್ಪು ದೊಡ್ಡ ಹುಳಕ್ಕೆ ಹಾಕಿದರೆ ನೀರು ಹೆಚ್ಚು, ಸತ್ವ ಕಡಿಮೆ, ಹಾಲ್ತೊಂಡೆಗೆ ದಾರಿ. ಬಲಿತು ಒರಟಾದ ಎಲೆ ಹಾಕಿದರೆ ತಿನ್ನದೆ ಬಿಡುತ್ತದೆ, ಗೂಡು ತೆಳುವಾಗುತ್ತದೆ. ಮೇಲಿನ ಕುಡಿ ಮುದುಡಿ ಗಂಟಾಗಿದ್ದರೆ ಟುಕ್ರ, ಬಿಳಿ ಹಿಟ್ಟು ತಿಗಣೆಯ ಕೆಲಸ. ಅಂಥ ಕುಡಿ ಮುರಿದು ಸುಟ್ಟರೆ ಸಾಕು, ಔಷಧಿ ಬೇಕಿಲ್ಲ.

ಔಷಧಿಯ ವಿಷಯದಲ್ಲಿ ಹೆದರಿಕೆ ನಮ್ಮ ಕೈಯದಲ್ಲ, ಪಕ್ಕದ ಹೊಲದ್ದು. ಪಕ್ಕದಲ್ಲಿ ಟೊಮೆಟೊ ಹಾಕಿದ್ದಾರೆ. ಕಾಯಿಕೊರಕಕ್ಕೆ ಅವರು ಹೊಡೆದದ್ದು ಗಾಳಿಗೆ ನಮ್ಮ ಎರಡು ಸಾಲಿನ ಮೇಲೆ ಬಂದು ಕೂತರೆ ಸಾಕು. ಅವರೊಂದಿಗೆ ಒಪ್ಪಂದ ಇದೆ, ಹೊಡೆಯುವ ಹಿಂದಿನ ದಿನ ಹೇಳುತ್ತಾರೆ. ಆದರೂ ಆ ಕಡೆಯ ನಾಲ್ಕು ಸಾಲು ಸೊಪ್ಪನ್ನು ಈ ಸಲ ಹುಳಕ್ಕೆ ಹಾಕದೆ ದನಕ್ಕೂ ಹಾಕದೆ ಬಿಟ್ಟೆವು. ಅನುಮಾನ ಬಂದ ಸೊಪ್ಪನ್ನು ಮೊದಲು ಐವತ್ತು ಹುಳಕ್ಕೆ ಬೇರೆ ತಟ್ಟೆಯಲ್ಲಿ ಹಾಕಿ ಅರ್ಧ ದಿನ ನೋಡುವುದು ಒಳ್ಳೆ ಅಭ್ಯಾಸ. ತಲೆ ಎತ್ತಿ ತೂರಾಡಿ ಕಂದು ನೀರು ಕಾರಿದರೆ ಆ ಸೊಪ್ಪು ಕೆಟ್ಟಿತು ಅಂತಲೇ.

ಮೊಟ್ಟೆ ತಂದು ಮರಿ ಮಾಡುವುದನ್ನು ಬಿಟ್ಟು ಕಾಲವಾಯಿತು. ಚಾಕಿ ಕೇಂದ್ರದವರು ಮರಿ ಮಾಡಿಸಿ, ಎಳೆ ಸೊಪ್ಪು ಕತ್ತರಿಸಿ ಹಾಕಿ, 27-28 ಡಿಗ್ರಿ ಬಿಸಿಯಲ್ಲಿ ತೇವ ಕಟ್ಟಿ, ಎರಡನೇ ಜ್ವರದ ಹೊತ್ತಿಗೆ ನಮಗೆ ಕೊಡುತ್ತಾರೆ. ಜ್ವರ ಅಂದರೆ ಹುಳ ತಿನ್ನದೆ ಕೂತು ಪೊರೆ ಬಿಡುವ ಹೊತ್ತು. ಮೊಟ್ಟೆಯಲ್ಲೇ ಬರುವ ಗಂಟು ರೋಗ ಇಲ್ಲ ಅಂತ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆಯೇ ಮೊಟ್ಟೆ ಹೊರಗೆ ಬರುವುದು. ಫ್ರಾನ್ಸಿನ ಲೂಯಿ ಪಾಶ್ಚರ್ 1860ರ ದಶಕದಲ್ಲಿ ತೋರಿಸಿಕೊಟ್ಟ ದಾರಿ ಇವತ್ತಿಗೂ ಅದೇ. ಚಾಕಿ ಸಾಗಿಸುವುದು ಬೆಳಗಿನ ತಂಪಿನಲ್ಲಿ ಮಾತ್ರ. ಹತ್ತು ಗಂಟೆ ಬಿಸಿಲಿಗೆ ಟೆಂಪೋದಲ್ಲಿ ಬೆಂದ ಮರಿ ಅವತ್ತು ಚೆನ್ನಾಗಿಯೇ ಕಾಣುತ್ತದೆ, ನಾಲ್ಕನೇ ಜ್ವರ ಎದ್ದ ಮೇಲಿನ ಐದನೇ ಹಂತದಲ್ಲಿ ಸಪ್ಪೆ ರೋಗವಾಗಿ ಕೂರುತ್ತದೆ.

ಇಲ್ಲಿಂದ ಕಡ್ಡಿ ಸೊಪ್ಪು. ಎಲೆ ಬಿಡಿಸುವುದಿಲ್ಲ, ಕತ್ತರಿಸುವುದಿಲ್ಲ, ಕಡ್ಡಿ ಸಮೇತ ಕುಯ್ದು ಬುಡ ಒಂದು ಸಲ ಆ ಕಡೆ, ಇನ್ನೊಂದು ಸಲ ಈ ಕಡೆ ಬರುವ ಹಾಗೆ ಹಾಸುವುದು. ಹುಳ ಮೇಲಕ್ಕೆ ಹತ್ತಿಕೊಳ್ಳುತ್ತದೆ, ಹಿಕ್ಕೆ ಕೆಳಕ್ಕೆ ಉದುರುತ್ತದೆ, ಗಾಳಿ ಆಡುತ್ತದೆ. ತಟ್ಟೆ ಬದಲಿಸುವ ಕೆಲಸವೇ ಇಲ್ಲ. ನಿಮ್ಮವ್ವನ ಸೊಂಟ ಉಳಿದದ್ದು ಇದರಿಂದ. ದಿನಕ್ಕೆ ಮೂರು ಸಲ, ಬೆಳಗ್ಗೆ ಆರು, ಮಧ್ಯಾಹ್ನ ಎರಡು, ರಾತ್ರಿ ಹತ್ತು. ಸೊಪ್ಪು ಕುಯ್ಯುವುದು ಬೆಳಗಿನ ಜಾವ ಮತ್ತು ಸಂಜೆ, ಒದ್ದೆ ಗೋಣಿ ಮುಚ್ಚಿ ನೆರಳಲ್ಲಿ ಇಡುವುದು. ಬಾಡಿದ ಸೊಪ್ಪಿಗೆ ನೀರು ಚಿಮುಕಿಸಿ ಮೇಲಿಂದ ಹಸಿರು ಮಾಡಿ ಹಾಕುವವರಿದ್ದಾರೆ. ಅದಕ್ಕಿಂತ ಒಂದು ಹೊತ್ತು ಹಾಕದಿರುವುದೇ ಲೇಸು.

ಈ ಕೆಲಸದಲ್ಲಿ ಕೈ ಪಳಗಿದೆಯೋ ಇಲ್ಲವೋ ಗೊತ್ತಾಗುವುದು ಜ್ವರದಲ್ಲಿ. ಜ್ವರಕ್ಕೆ ಕೂರುವ ಹುಳ ತಿನ್ನುವುದು ಕಡಿಮೆ ಮಾಡುತ್ತದೆ, ಮೈ ಬಿಗಿದು ಹೊಳೆಯುತ್ತದೆ, ತಲೆ ಎತ್ತಿ ಅಲ್ಲಾಡದೆ ಕೂರುತ್ತದೆ, ತಲೆಯ ಹಿಂದೆ ಹಳೆಯ ಚರ್ಮದೊಳಗಿಂದ ಹೊಸ ಮೂತಿಯ ಕಪ್ಪು ತ್ರಿಕೋನ ಕಾಣುತ್ತದೆ. ನೂರಕ್ಕೆ ತೊಂಬತ್ತು ಹುಳ ಹಾಗೆ ಕೂತಾಗ ಸೊಪ್ಪು ನಿಲ್ಲಿಸಿ, ತೆಳು ಬಟ್ಟೆಯಲ್ಲಿ ಸುಣ್ಣದ ಪುಡಿ ಕಟ್ಟಿ ಮೇಲಿಂದ ತಟ್ಟಬೇಕು. ಸುಣ್ಣ ಹಾಸಿಗೆಯ ತೇವ ಹೀರುತ್ತದೆ, ಮಿಕ್ಕ ಎಲೆಯನ್ನು ಒಣಗಿಸುತ್ತದೆ, ಮೊದಲು ಎದ್ದ ಹುಳಕ್ಕೆ ತಿನ್ನಲು ಏನೂ ಸಿಗದ ಹಾಗೆ ಮಾಡುತ್ತದೆ. ಮೂರನೇ ಜ್ವರ ಸುಮಾರು ಒಂದು ದಿನ, ನಾಲ್ಕನೆಯದು ಒಂದೂವರೆ ದಿನ. ಎದ್ದ ಹುಳದ ಮೂತಿ ದೊಡ್ಡದು, ಮೈ ಸುಕ್ಕು, ಬಣ್ಣ ಮಂಕು. ನೂರಕ್ಕೆ 95 ಎದ್ದ ಮೇಲೆ ಹಾಸಿಗೆಯ ರೋಗ ತಡೆಯುವ ವಿಜೇತ ಪುಡಿ ಎರಚಿ, ಅರ್ಧ ಗಂಟೆ ಬಿಟ್ಟು ಸೊಪ್ಪು. ಇಡೀ ಬೆಳೆಗೆ 100 ಮೊಟ್ಟೆಗೆ ಸುಮಾರು 4 ಕೆಜಿ ವಿಜೇತ ಹಿಡಿಯುತ್ತದೆ: ಪ್ರತಿ ಜ್ವರ ಎದ್ದಾಗ, ಆಮೇಲೆ ಐದನೇ ಹಂತದ ನಾಲ್ಕನೇ ದಿನ ಒಂದು ಸಲ.

ಪಾಪ, ನಾಲ್ಕು ಹುಳ ಎದ್ದು ಹಸಿದಿವೆ ಅಂತ ಬೇಗ ಸೊಪ್ಪು ಹಾಕಿದರೆ ಅವು ಮುಂದೆ ಓಡುತ್ತವೆ, ಮಿಕ್ಕವು ಸೊಪ್ಪಿನಡಿ ಹೂತು ತೇವದಲ್ಲಿ ಕೂರುತ್ತವೆ. ಆಮೇಲೆ ಒಂದೇ ಹಾಸಿಗೆಯಲ್ಲಿ ಮೂರು ಗಾತ್ರದ ಹುಳ, ಹಣ್ಣಾಗಿ ಗೂಡಿಗೆ ಸಿದ್ಧವಾಗುವಾಗ ಮೂರು ದಿನ ಎಳೆತ. ಕರುಣೆಯಿಂದ ಕೆಡುವ ಬೆಳೆಯೇ ಹೆಚ್ಚು. ನಾಲ್ಕನೇ ಜ್ವರದ ದಿನ ನೀನು ಫೋನ್ ಮಾಡಿದಾಗ ನಾವಿಬ್ಬರೂ ಎತ್ತಲಿಲ್ಲವಲ್ಲ, ಟಾರ್ಚು ಹಿಡಿದು ಎದ್ದ ಹುಳ ಎಣಿಸುತ್ತಿದ್ದೆವು. ಅಡ್ಡಕ್ಕೆ ಒಂದು ಗೇಣು ಜಾಗ ಗೊತ್ತು ಮಾಡಿಕೊಂಡು, ನಾಲ್ಕೂ ಅಂತಸ್ತಿನಲ್ಲಿ ಎಣಿಸಬೇಕು. ಸೂರಿನ ಹತ್ತಿರ ಬಿಸಿ, ಅಲ್ಲಿಯ ಹುಳ ಕೆಳಗಿನದಕ್ಕಿಂತ ಮುಂಚೆ ಏಳುತ್ತದೆ.

ಐದನೇ ಹಂತ ಅಂದರೆ ಬರೀ ದುಡಿತ. ಹುಳ ತನ್ನ ಜನ್ಮದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಈ ಏಳೆಂಟು ದಿನದಲ್ಲೇ ತಿನ್ನುತ್ತದೆ. ಮೊಟ್ಟೆಯಿಂದ ಹೊರಬಂದಾಗಿನ ತೂಕದ ಸುಮಾರು 10,000 ಪಟ್ಟು ಆಗುವುದು ಇಪ್ಪತ್ತೈದು ದಿನದೊಳಗೆ. 100 ಮೊಟ್ಟೆಗೆ ಟನ್ನಿನ ಮೇಲೆ ಸೊಪ್ಪು. ಕೂಲಿಯವರು ಸಿಗುವುದಿಲ್ಲ, ಸಿಕ್ಕಿದವರು ಕಬ್ಬು ಕಡಿಯುವ ಕಡೆ ಹೋಗುತ್ತಾರೆ. ಈ ದಿನಗಳಲ್ಲಿ ಮದುವೆ, ತಿಥಿ, ಬೀಗರ ಊಟ ಯಾವುದಕ್ಕೂ ನಮ್ಮ ಮನೆಯಿಂದ ಯಾರೂ ಹೋಗಿಲ್ಲ. ನಿಮ್ಮ ಸೋದರತ್ತೆ ಮುನಿಸಿಕೊಂಡಿದ್ದಾರೆ, ಒಂದು ಸಲ ನೀನೇ ಮಾತಾಡು.

ಈ ಸಲ ಶಿವರಾತ್ರಿ ಕಳೆದ ಮೇಲೆ ಬಿಸಿಲು ಬೇಗ ಏರಿತು. ಐದನೇ ಹಂತಕ್ಕೆ 24 ಡಿಗ್ರಿ ಬೇಕು ಅಂತ ಪುಸ್ತಕದ ಮಾತು, ನಮ್ಮ ಮಳವಳ್ಳಿ ಕಡೆ ಈ ತಿಂಗಳಲ್ಲಿ ಅದು ಸಿಗುವುದು ಬೆಳಗಿನ ಜಾವಕ್ಕೆ ಮಾತ್ರ. ಸೂರಿನ ಶೀಟಿನ ಮೇಲೆ ತೆಂಗಿನ ಗರಿ ಹೊದಿಸಿ ನೀರು ಬಿಟ್ಟೆವು, ಕಿಟಕಿಗೆ ಒದ್ದೆ ಗೋಣಿ ಕಟ್ಟಿದೆವು. ನೆನಪಿಡಬೇಕಾದದ್ದು: ಒದ್ದೆ ಗೋಣಿ ಕಟ್ಟಿ ಕಿಟಕಿ ಮುಚ್ಚಿದರೆ ಒಳಗೆ ಹಬೆ ಕಟ್ಟುತ್ತದೆ, ಅದು ಬಿಸಿಲಿಗಿಂತ ಕೆಟ್ಟದ್ದು. ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗಲೇಬೇಕು.

ಹಾಲ್ತೊಂಡೆ ಸ್ವಲ್ಪ ಕಂಡಿತು. ಗುರುತು ಹಿಡಿಯುವುದು ಸುಲಭ: ಮೈ ಊದಿ ಗೆಣ್ಣುಗೆಣ್ಣಾಗಿ, ಚರ್ಮ ಹೊಳೆದು, ಹುಳ ಒಂದು ಕಡೆ ನಿಲ್ಲದೆ ಅಂಚಿನಲ್ಲಿ ಅಲೆಯುತ್ತದೆ. ಚರ್ಮ ಒಡೆದರೆ ಹಾಲಿನಂಥ ನೀರು, ಆ ನೀರು ಬಿದ್ದ ಸೊಪ್ಪು ತಿಂದ ಹುಳವೆಲ್ಲ ಹೋದ ಹಾಗೆ. ಚಾಪ್‌ಸ್ಟಿಕ್ ಥರದ ಎರಡು ಕಡ್ಡಿಯಲ್ಲಿ ಒಡೆಯದ ಹಾಗೆ ಎತ್ತಿ ಬ್ಲೀಚಿಂಗ್ ನೀರಿನ ಡಬ್ಬಕ್ಕೆ ಹಾಕಬೇಕು. ಕೋಳಿಗೆ ಎಸೆಯಬಾರದು, ಕೋಳಿ ಹಿಕ್ಕೆಯಲ್ಲಿ ಅದೇ ರೋಗ ತೋಟಕ್ಕೆ ಹೋಗುತ್ತದೆ. ಮಳೆಗಾಲದಲ್ಲಿ, ಚಳಿಯಲ್ಲಿ ಇದರ ಬದಲು ಸುಣ್ಣಕಟ್ಟು ಬರುತ್ತದೆ, ಸತ್ತ ಹುಳ ಸೀಮೆಸುಣ್ಣದ ಹಾಗೆ ಗಟ್ಟಿ. ಆಗ ನೀರು ಚಿಮುಕಿಸುವುದನ್ನು ನಿಲ್ಲಿಸಿ ಹಾಸಿಗೆ ಒಣಗಿಸುವುದೇ ಮದ್ದು.

ಊಜಿ ನೊಣ ನಿನಗೆ ನೆನಪಿರಬೇಕು. 1980ರಲ್ಲಿ ಪಶ್ಚಿಮ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಬಂದದ್ದು ಇನ್ನೂ ಹೋಗಿಲ್ಲ. ಹುಳದ ಮೈಮೇಲೆ ಸಾಸಿವೆಗಿಂತ ಚಿಕ್ಕ ಬಿಳಿ ಮೊಟ್ಟೆ ಇಡುತ್ತದೆ, ಮರಿ ಒಳಕ್ಕೆ ಕೊರೆದ ಜಾಗ ಕಪ್ಪು ಚುಕ್ಕೆಯಾಗುತ್ತದೆ. ಬಾಗಿಲು ಕಿಟಕಿಗೆ ನೈಲಾನ್ ಬಲೆ, ಬಾಗಿಲಿಗೆ ಎರಡು ಪರದೆ, ನಡುವೆ ಒಬ್ಬರು ನಿಲ್ಲುವಷ್ಟು ಜಾಗ. ಒಂದು ತೆಗೆದು ಮುಚ್ಚಿ ಇನ್ನೊಂದು ತೆಗೆಯುವುದು. ಸೊಪ್ಪಿನ ಹೊರೆಯ ಜೊತೆಗೇ ಒಳಗೆ ಬರುತ್ತದೆ, ಆದ್ದರಿಂದ ಹೊರೆಯನ್ನು ಹೊರಗೆ ಒಂದು ಸಲ ಒದರಬೇಕು. ಹುಳದಿಂದ ಹೊರಬಿದ್ದ ಊಜಿ ಮರಿ ನೆಲದ ಬಿರುಕಿನಲ್ಲಿ ಕೋಶ ಕಟ್ಟುತ್ತದೆ, ನಮ್ಮ ನೆಲದ ಬಿರುಕೆಲ್ಲ ಸಿಮೆಂಟು ಹಾಕಿ ಮುಚ್ಚಿದ್ದೇವೆ.

ಹಣ್ಣಾದ ಹುಳ ತಿನ್ನುವುದು ಬಿಡುತ್ತದೆ, ಮೈ ಮೋಟಾಗಿ ಬೆಳಕಿಗೆ ಹಿಡಿದರೆ ಹಳದಿ ಹೊಳಪು ಕಾಣುತ್ತದೆ, ಹಿಕ್ಕೆ ಮೆತ್ತಗಾಗುತ್ತದೆ, ತಲೆ ಎತ್ತಿ ಅಂಚು ಹುಡುಕುತ್ತದೆ. ಮೊದಲ ಹಣ್ಣು ಹುಳ ಅಲ್ಲೊಂದು ಇಲ್ಲೊಂದು ಕಂಡಾಗ ಸಂಪೂರ್ಣ ಅನ್ನುವ ದ್ರಾವಣವನ್ನು ಸೊಪ್ಪಿಗೆ ಸಿಂಪಡಿಸಿ ಹಾಕುತ್ತೇವೆ, ಎಲ್ಲ ಹೆಚ್ಚು ಕಡಿಮೆ ಒಂದೇ ದಿನದಲ್ಲಿ ಹಣ್ಣಾಗುತ್ತವೆ. ಆಳಿಲ್ಲದ ಮನೆಗೆ ಅದು ದೊಡ್ಡ ಅನುಕೂಲ. ಹುಳ ಹತ್ತಿ ಗೂಡು ಕಟ್ಟುವ ಬಿದಿರ ಚಂದ್ರಿಕೆಯನ್ನು ಬಾಡಿಗೆಗೆ ತರುವುದು ಬಿಟ್ಟಿದ್ದೇವೆ. 6 ಅಡಿಗೆ 4 ಅಡಿಯ ಚಂದ್ರಿಕೆಗೆ ಸಾವಿರ ಹುಳ, 200 ಮೊಟ್ಟೆಗೆ ತೊಂಬತ್ತು ಚಂದ್ರಿಕೆ ಬೇಕು, ಜೊತೆಗೆ ಯಾರದೋ ಮನೆಯ ರೋಗ ಪುಕ್ಕಟೆ. ಈಗ ಪ್ಲಾಸ್ಟಿಕ್ ನೇತ್ರಿಕೆಯನ್ನು ಹಾಸಿಗೆಯ ಮೇಲೇ ಹರಡಿದರೆ ಹುಳ ತಾನೇ ಹತ್ತುತ್ತದೆ. ಗೂಡು ಕಟ್ಟುವ ಮುಂಚೆ ಪ್ರತಿ ಹುಳವೂ ಒಂದು ಸಲ ಮೂತ್ರ ಬಿಡುತ್ತದೆ. ತೊಂಬತ್ತು ಸಾವಿರ ಹುಳದ ಮೂತ್ರ ಒಂದೇ ರಾತ್ರಿ ಅಂದರೆ ಕೆಳಗೆ ಹಾಳೆ ಹಾಸದಿದ್ದರೆ, ಗಾಳಿ ಆಡದಿದ್ದರೆ ಆ ತೇವಕ್ಕೆ ಎಳೆ ಅಂಟಿಕೊಂಡು ನೂಲು ಬಿಚ್ಚುವಾಗ ಕಡಿಯುತ್ತದೆ. ರೀಲರು ಬೆಲೆ ಇಳಿಸುವುದು ಇಂಥದಕ್ಕೆ. ಆ ಮೂರು ದಿನ ಗೋಣಿ ಬಿಚ್ಚಿ, ಕಿಟಕಿ ತೆಗೆದು, ಬಲೆ ಮಾತ್ರ ಬಿಟ್ಟಿದ್ದೆವು.

ಏಳನೇ ದಿನಕ್ಕೆ ಗೂಡು ಬಿಡಿಸುವುದು. ಅದಕ್ಕೂ ಮುಂಚೆ ಒಂದೆರಡು ಗೂಡು ಕುಯ್ದು ಒಳಗಿನ ಕೋಶ ನೋಡಬೇಕು. ಕಂದಾಗಿ ಗಟ್ಟಿಯಾಗಿದ್ದರೆ ಸರಿ, ಇನ್ನೂ ಬಿಳಿಚಿ ಮೆತ್ತಗಿದ್ದರೆ ದಾರಿಯಲ್ಲಿ ಒಡೆದು ಒಳಗಿಂದ ಕರೆ ಹಿಡಿಯುತ್ತದೆ. ತೆಳು ಗೂಡು, ಎರಡು ಹುಳ ಸೇರಿ ಕಟ್ಟಿದ ಜೋಡಿ ಗೂಡು, ಕರೆ ಗೂಡು ಮೊದಲೇ ಬೇರೆ. ಲಾಟಿನಲ್ಲಿ ನಾಲ್ಕು ಕೆಟ್ಟ ಗೂಡು ಕಂಡರೆ ರೀಲರು ಮಿಕ್ಕದ್ದನ್ನೂ ಅದೇ ಕಣ್ಣಲ್ಲಿ ನೋಡುತ್ತಾನೆ. ಅಗಲವಾದ ಬಟ್ಟೆ ಚೀಲದಲ್ಲಿ ಸಡಿಲವಾಗಿ ತುಂಬಿ, ರಾತ್ರಿಯ ತಂಪಿನಲ್ಲಿ ಮದ್ದೂರು, ಚನ್ನಪಟ್ಟಣದ ಮೇಲೆ ರಾಮನಗರಕ್ಕೆ. ಏಷ್ಯಾದಲ್ಲೇ ದೊಡ್ಡ ಗೂಡಿನ ಮಾರುಕಟ್ಟೆ ಅದು. ಟವಲಿನಡಿ ಬೆರಳು ಹಿಡಿದು ಬೆಲೆ ಹೇಳುವ ಕಾಲ ಹೋಯಿತು, ಈಗ ಇ-ಹರಾಜು. ಲಾಟಿಗೆ ನಂಬರು, ರೀಲರು ಗೂಡನ್ನು ಒತ್ತಿ, ಕಿವಿ ಹತ್ತಿರ ಅಲ್ಲಾಡಿಸಿ ನೋಡಿ ಮೊಬೈಲಿನಲ್ಲೇ ಬೆಲೆ ಹಾಕುತ್ತಾನೆ. ಬೆಲೆ ಒಪ್ಪಿದರೆ ತೂಕ, ಒಪ್ಪದಿದ್ದರೆ ಮುಂದಿನ ಸುತ್ತಿಗೆ ಕಾಯುವುದು. ಕಾದರೆ ಬೆಲೆ ಏರಬಹುದು, ಆದರೆ ಗೂಡು ಗಂಟೆಗಂಟೆಗೂ ತೂಕ ಕಳೆದುಕೊಳ್ಳುತ್ತದೆ. ನಾವು ಕಾಯಲಿಲ್ಲ.

100 ಮೊಟ್ಟೆಗೆ 70 ಕೆಜಿ ಬಂದರೆ ಒಳ್ಳೆ ಬೆಳೆ. ನಮಗೆ ಅದಕ್ಕೆ ಎರಡು ಕೆಜಿ ಕಮ್ಮಿ, ಹಾಲ್ತೊಂಡೆಯ ಲೆಕ್ಕ ಅದು. ಬಿಸಿಲಿನ ಬೆಳೆಗೆ ಅಡ್ಡಿಯಿಲ್ಲ. ಚಾಕಿ, ಗೊಬ್ಬರ, ಕೂಲಿ ಕಳೆದು ಉಳಿದದ್ದರಲ್ಲಿ ಸೊಸೈಟಿ ಸಾಲ ಕಟ್ಟಿದೆ, ಹಸುವಿಗೆ ವಿಮೆ ಮಾಡಿಸಿದೆ. ಸೊಪ್ಪು ಕುಯ್ದ ಕೂಳೆ ಸಮನಾಗಿ ಸವರಿ, ಎರಡು ಟ್ರ್ಯಾಕ್ಟರ್ ಕೊಟ್ಟಿಗೆ ಗೊಬ್ಬರ ಹೊಡೆಸಿದ್ದೇನೆ. ಹುಳದ ಹಾಸಿಗೆಯ ಕಸ ಮಾತ್ರ ನೇರ ತೋಟಕ್ಕೆ ಹೋಗುವುದಿಲ್ಲ, ಗುಂಡಿಯಲ್ಲಿ ಕೊಳೆತ ಮೇಲೆಯೇ.

ಮುಂದಿನ ಚಾಕಿಗೆ ಜೂನಿಗೆ ಹೇಳಿದ್ದೇನೆ. ರಜೆ ಸಿಕ್ಕಿ ಬರುವುದಾದರೆ ನಾಲ್ಕನೇ ಜ್ವರ ಎದ್ದ ಮೇಲೆ ಬಾ, ಕೈ ಕಡಿಮೆ ಇದೆ. ಹೋದ ಸಲ ತಂದಿದ್ದೆಯಲ್ಲ, ಸೊಳ್ಳೆ ಕಚ್ಚದ ಹಾಗೆ ಕೈಗೆ ಹಚ್ಚುವ ಮುಲಾಮು, ಅದು ಮಾತ್ರ ಬೇಡ.

ನಿನ್ನ ಅಪ್ಪ